ಎಡಗಿವಿಯ ಕೆಳಗಿನ ಗಂಟು

ಪುಣೆಯಲ್ಲಿ ಬಿಸಿಲು ಏರಿತೆಂದರೆ ಹೆಣ್ಣುಮಕ್ಕಳ ಮುಖಗಳೇ ಕಾಣುವುದಿಲ್ಲ. ಸ್ಕೂಟರ್ ಹತ್ತುವ ಮುಂಚೆ ಒಂದು ದೊಡ್ಡ ಸ್ಕಾರ್ಫನ್ನು ತಲೆಗೆ, ಕೆನ್ನೆಗೆ, ಮೂಗಿಗೆ ಸುತ್ತಿ ಹಿಂದೆ ಗಂಟು ಹಾಕಿಬಿಟ್ಟರೆ ಉಳಿಯುವುದು ಎರಡು ಕಣ್ಣು. ಅದರ ಮೇಲೊಂದು ಕಪ್ಪು ಕನ್ನಡಕ ಬಂದರೆ ಅದೂ ಇಲ್ಲ. ಮದುವೆಯಾಗಿ ಧಾರವಾಡದಿಂದ ಬಂದ ಹೊಸದರಲ್ಲಿ ನಾನು ಇದನ್ನು ನೋಡಿ ಬಿದ್ದು ಬಿದ್ದು ನಕ್ಕಿದ್ದೆ. "ಇದೇನ್ರಿ, ಊರಿಗೂರ ದರೋಡೆಗೆ ಹೊಂಟಂಗ ಅದ" ಎಂದು ಗಂಡನಿಗೆ ಹೇಳಿದ್ದೆ. ಆರು ತಿಂಗಳಲ್ಲಿ ಧೂಳು ಕುಡಿದು ಗಂಟಲು ಕೆಟ್ಟಿತು, ಮೂಗು ಕರ್ರಗಾಯಿತು, ನಾನೂ ತೆಪ್ಪಗೆ ಸುತ್ತಿಕೊಂಡೆ.

ನಾನು ಕೆಲಸ ಮಾಡುವುದು ವಿಮಾನ ನಗರದಲ್ಲಿ, ಪ್ರವಾಸದ ಟಿಕೆಟು ಮಾಡಿಸಿಕೊಡುವ ಒಂದು ಆಫೀಸಿನಲ್ಲಿ. ಎದುರಿನ ಸಿಗ್ನಲ್ ಪಕ್ಕ ತಿಪ್ಪವ್ವನ ಕೈಗಾಡಿ. ಗಾಡಿಯ ಮೇಲೆ ಸ್ಕಾರ್ಫುಗಳ ರಾಶಿ. ಎರಡು ಮೊಳಕ್ಕಿಂತ ಮೇಲೆ ಅಗಲ, ನಾಲ್ಕೂವರೆ ಮೊಳ ಉದ್ದ ಎಂದು ಅವಳು ಮೊಳಕೈ ಇಟ್ಟು ಅಳೆದು ತೋರಿಸುತ್ತಿದ್ದಳು. ಇಷ್ಟು ದೊಡ್ಡ ಬಟ್ಟೆಯನ್ನು ಏನು ಮಾಡಬೇಕೆಂದು ತಿಳಿಯದೆ ನಿಂತವರನ್ನು ಅವಳು ಮಾತಾಡಿಸುತ್ತಲೇ ಇರಲಿಲ್ಲ, ಸೀದಾ ಕೈ ಹಾಕುತ್ತಿದ್ದಳು. ಕಾಲೇಜಿನ ಹುಡುಗಿಯಾದರೆ ಕೊರಳಿಗೆ ಎರಡು ಸುತ್ತು, ಮುಂದೆ ಸಡಿಲ. ಆಫೀಸಿನ ಎ.ಸಿ. ತಾಳದವರಿಗೆ ಅಗಲಕ್ಕೆ ಬಿಚ್ಚಿ ಭುಜದ ಮೇಲೆ ಹೊದಿಸಿ, ಕೆಳಗಿನ ತುದಿಗಳನ್ನು ಬೆನ್ನ ಹಿಂದೆ ಕಟ್ಟಿದರೆ ತೋಳಿಲ್ಲದ ಕೋಟು. ಮೂಲೆಗೆ ಮೂಲೆ ಸೇರಿಸಿ ಮಡಚಿ ಎದೆಯ ಮೇಲೆ ಇಳಿಬಿಡುವುದು ಮದುವೆ ಮನೆಗೆ. ಕೂಸು ಎತ್ತಿಕೊಂಡವಳು ಬಂದರೆ ಅದೇ ಬಟ್ಟೆ ಜೋಳಿಗೆ. ಎಲ್ಲಕ್ಕಿಂತ ಹೆಚ್ಚು ಹೋಗುತ್ತಿದ್ದದ್ದು ಸ್ಕೂಟರಿನ ಕಟ್ಟು. ಅದರಲ್ಲೇ ಐದಾರು ನಮೂನೆ ಅವಳ ಬೆರಳಲ್ಲಿದ್ದವು.

ಒಂದು ದಿನ ಒಬ್ಬ ಹುಡುಗಿಗೆ ಕಟ್ಟುವಾಗ ಮರಾಠಿ ಮುಗಿದುಹೋಗಿ, "ಸುಮ್ನ ನಿಂದ್ರಬೇ, ಗಾಳಿಗಿ ಬಿಚ್ಚತದ" ಎಂದಳು. ಪಕ್ಕದಲ್ಲಿ ನಿಂತಿದ್ದ ನನಗೆ ಊರಿಗೆ ಹೋಗುವ ಬಸ್ಸು ಸಿಕ್ಕಷ್ಟು ಖುಷಿಯಾಯಿತು. ಶಹಾಪುರದ ಕಡೆಯವಳು. ಇಪ್ಪತ್ತು ವರ್ಷದ ಹಿಂದೆ ಗಂಡ ಅಂಬಾದಾಸನ ಜೊತೆ ಕಟ್ಟಡದ ಕೆಲಸಕ್ಕೆ ಬಂದು, ಇಟ್ಟಿಗೆ ಹೊತ್ತು ಸೊಂಟ ಹೋದ ಮೇಲೆ ಪುಣೆಯ ಆಚೆ ತುದಿಯ ಭೋಸರಿಯಲ್ಲಿ ಗಾಡಿ ಹಾಕಿದ್ದಳಂತೆ. ಅಲ್ಲಿಂದ ಇಷ್ಟು ದೂರ ಯಾಕೆ ಬಂದೆ ಎಂದರೆ, "ಇಲ್ಲಿ ಸ್ಕೂಟರಿನ ಹುಡುಗ್ಯಾರು ಭಾಳ ಅದಾರ್ರಿ ಅಕ್ಕಾರ" ಎಂದಳು. ಗಿರಾಕಿ ಹೆಚ್ಚು ಎಂದು ನಾನು ಅರ್ಥ ಮಾಡಿಕೊಂಡೆ.

ಅವಳದೊಂದು ಅಭ್ಯಾಸವಿತ್ತು. ಸಿಗ್ನಲ್ ಕೆಂಪಾದರೆ ಸ್ಟೂಲಿನಿಂದ ಎದ್ದು ನಿಲ್ಲುವುದು, ಹಸಿರಾದರೆ ಕೂಡುವುದು. ದಿನಕ್ಕೆ ನೂರಾರು ಸಲ, ಆ ಸೊಂಟ ಇಟ್ಟುಕೊಂಡು. "ಏನ ತಿಪ್ಪವ್ವಾ, ಸಿಗ್ನಲ್ಲಿಗೆ ಸಲಾಮು ಹೊಡಿಯಾಕತ್ತಿಯೇನ?" ಎಂದು ನಾನು ಕಾಡಿಸುತ್ತಿದ್ದೆ. ಅವಳು ನಗುತ್ತಿದ್ದಳು. ನನ್ನ ಬಾಯಿಗೆ ಬೀಗ ಇಲ್ಲ ಎಂದು ನಮ್ಮತ್ತೆ ಸುಮ್ಮನೆ ಹೇಳುವುದಿಲ್ಲ.

ಏಪ್ರಿಲ್‌ನಲ್ಲಿ ಒಂದು ದಿನ ಸೇತುವೆಯ ಮೇಲೆ ಗಾಳಿಗೆ ನನ್ನ ಸ್ಕಾರ್ಫ್ ಬಿಚ್ಚಿ ಕಣ್ಣಿಗೇ ಅಡ್ಡ ಬಂತು. ಹೇಗೋ ಬದುಕಿ ಬಂದು ತಿಪ್ಪವ್ವನ ಮುಂದೆ ಗೋಳಾಡಿದೆ. ಅವಳು ನನ್ನನ್ನು ಒಂದು ಗಳಿಗೆ ನೋಡಿ, ಬೇರೆಯದೇ ರೀತಿ ಕಟ್ಟಿದಳು. ಬಲಗಡೆಯ ತುದಿಯನ್ನು ಗದ್ದದ ಕೆಳಗೆ ತಂದು, ಎಡಗಿವಿಯ ಕೆಳಗೆ ಎರಡು ಮಡಿಕೆ ಮಾಡಿ, ಹಿಂದಕ್ಕೆ ಹಾಕದೆ ಅಲ್ಲೇ ಒಂದು ಪುಟ್ಟ ಗಂಟು ಹಾಕಿ ತುದಿಯನ್ನು ಒಳಗೆ ಸಿಗಿಸಿದಳು. ತಲೆ ಕೊಡವಿದೆ, ಕುಣಿದೆ, ಅಲುಗಲಿಲ್ಲ.

"ಇದನ್ನ ಯಾರಿಗೂ ಕಟ್ಟಿದ್ದ ನೋಡಿಲ್ಲಲ್ಲ?"

"ಇದು ಮಾರೂದಲ್ರಿ ಅಕ್ಕಾರ. ನಮ್ಮ ಮನಿದು. ನೀವು ನಮ್ಮ ಕಡಿಯವ್ರಂತ ಕಟ್ಟೀನಿ."

ಆ ಮಾತನ್ನು ನಾನು ತಲೆಗೆ ಹಾಕಿಕೊಳ್ಳಲಿಲ್ಲ. ಮರುದಿನವೇ ಆಫೀಸಿನ ಪೂರ್ವಾಳಿಗೆ ಕಲಿಸಿದೆ. ಅವಳು ಫೋನಿನಲ್ಲಿ ವಿಡಿಯೋ ಮಾಡಿ ಹಾಕಿದಳು. ನಮ್ಮ ಕಟ್ಟಡದ ಏಳೂ ಮಹಡಿಯ ಹುಡುಗಿಯರು ಕಲಿತರು, ಅವರ ಹಾಸ್ಟೆಲಿನವರು ಕಲಿತರು. ಎಲ್ಲರೂ "ಅನುಜಾ ಮೇಡಮ್ ಕಟ್ಟು" ಎನ್ನುವಾಗ ನಾನು ಉಬ್ಬಿಹೋದೆ. ಒಂದು ಮಾತು ತಿಪ್ಪವ್ವನನ್ನು ಕೇಳಬೇಕು ಅನ್ನಿಸಲೇ ಇಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ ಊಟ ಮುಗಿಸಿ ಕಿಟಕಿಗೆ ಬಂದಾಗ ಕೆಳಗೆ ಹಾರ್ನುಗಳ ಗದ್ದಲ. ತಿಪ್ಪವ್ವ ರಸ್ತೆಯ ನಟ್ಟನಡುವೆ ಒಂದು ಸ್ಕೂಟರಿನ ಹ್ಯಾಂಡಲ್ ಹಿಡಿದುಕೊಂಡು ನಿಂತಿದ್ದಳು. ಹುಡುಗಿ ಹೆದರಿ ಸ್ಕಾರ್ಫ್ ಕೆಳಗೆ ಎಳೆದಳು. ಅವಳ ಮುಖ ನೋಡಿದ್ದೇ ತಿಪ್ಪವ್ವ ಅವಳನ್ನು ಬಿಟ್ಟು ಹಿಂದಿನ ಸ್ಕೂಟರಿಗೆ ಓಡಿದಳು. ಅಲ್ಲಿಂದ ಇನ್ನೊಂದಕ್ಕೆ. ಮೂವರ ಎಡಗಿವಿಯ ಕೆಳಗೂ ಅದೇ ಗಂಟು. ನಾನು ಮೆಟ್ಟಿಲು ಹಾರಿ ಇಳಿದು ಬರುವಷ್ಟರಲ್ಲಿ ಟ್ರಾಫಿಕ್ ಪೊಲೀಸ್ ಅವಳನ್ನು ರಟ್ಟೆ ಹಿಡಿದು ಬದಿಗೆ ತಂದಿದ್ದ. ಮೂರನೆಯ ಹುಡುಗಿ ಸ್ಕೂಟರ್ ನಿಲ್ಲಿಸಿ ಜಗಳಕ್ಕೇ ಬಂದಿದ್ದಳು.

"ಈ ಕಟ್ಟು ಯಾರು ಕಲಿಸಿದ್ರವ್ವ ನಿನಗ? ಹೇಳ ನನ್ನವ್ವ, ಯಾರು?" ತಿಪ್ಪವ್ವ ಕನ್ನಡದಲ್ಲೇ ಕೇಳುತ್ತಿದ್ದಳು. ನಾನು ಅದನ್ನು ಮರಾಠಿಯಲ್ಲಿ ಹೇಳಿದೆ. ಹುಡುಗಿ ನನ್ನನ್ನು ದಿಟ್ಟಿಸಿ, ಬೆರಳು ತೋರಿಸಿ, "ಹ್ಯಾ ಮ್ಯಾಡಮ್‌ನೀಚ ಶಿಕವಲಂ" ಎಂದಳು. ಈ ಮೇಡಮ್ಮೇ ಕಲಿಸಿದ್ದು ಎಂಬುದನ್ನು ತಿಪ್ಪವ್ವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ನಮ್ಮ ಕಟ್ಟಡದ ಮೆಟ್ಟಿಲ ಮೇಲೆ ಕೂತು ನೀರು ಕುಡಿದು ಹೇಳಿದಳು. ಮಗಳಿದ್ದಳು, ಭುವನೇಶ್ವರಿ. ಮೂರು ವರ್ಷದ ಕೂಸಾಗಿದ್ದಾಗ ಕಟ್ಟಡದ ಕೆಲಸದ ಜಾಗದಲ್ಲಿ ಕುದಿಯುವ ಸುಣ್ಣ ಸಿಡಿದು ಎಡಗಿವಿಯ ಕೆಳಗೆ ಕೊರಳು ಸುಟ್ಟಿತ್ತು. ದೊಡ್ಡವಳಾದ ಮೇಲೆ ಆ ಕಲೆಗೆ ನಾಚಿ ಅಳುತ್ತಿದ್ದಳು. ಗಾಳಿ ಎಷ್ಟೇ ಬೀಸಿದರೂ ಅದು ಕಾಣದ ಹಾಗೆ ತಾಯಿ ಹುಡುಕಿದ ಕಟ್ಟು ಅದು. ಲೋಕದಲ್ಲಿ ಇಬ್ಬರಿಗೇ ಗೊತ್ತಿತ್ತು, ಈಗ ನೋಡಿದರೆ ಇಡೀ ವಿಮಾನ ನಗರಕ್ಕೆ.

"ಅವ್ರಪ್ಪ ತನ್ನ ತಂಗಿ ಮಗನಿಗಿ ಕೊಡ್ತೀನಿ ಅಂತ ಮಾತು ಕೊಟ್ಟಿದ್ದ. ಇಕಿ ಒಲ್ಲೆ ಅಂದಳು. ಇದ್ರ ಇಲ್ಲಿರು, ಹೊಸ್ತಿಲ ದಾಟಿದ್ರ ನಮ್ಮ ಪಾಲಿಗಿ ಸತ್ತಂಗ ಅಂದ. ನಾ ಅಲ್ಲೇ ರೊಟ್ಟಿ ಬಡಿಲಾಕತ್ತಿದ್ದೆ. ಬಾಯಿ ಬಿಡಲಿಲ್ರಿ ನಾನು. ಮುಂಜಾನೆದ್ದು, 'ಅವ್ವಾ, ಇವತ್ತ ನೀನೇ ಕಟ್ಟು' ಅಂದಳು. ಡ್ಯೂಟಿಗಿ ಹೊಂಟಾಳ ಅಂತ ಗಟ್ಟಿಯಾಗಿ ಕಟ್ಟಿ ಕಳಿಸಿದೆ. ಓಣಿ ಬಾಯಾಗ ಅವ್ರಪ್ಪ ಚಾ ಕುಡಕೋತ ಕುಂತಿದ್ದ. ಅವನ ಮುಂದಿಂದೇ ಹೋಗ್ಯಾಳ. ಗುರ್ತು ಹಿಡಿಲಿಲ್ಲ."

ಅದಾಗಿ ಎರಡು ವರ್ಷ. ಫೋನ್ ನಂಬರು ಬದಲಾಗಿದೆ. ಪೊಲೀಸರು ವಯಸ್ಸಿಗೆ ಬಂದ ಹುಡುಗಿ, ತಾನಾಗಿ ಹೋಗಿದ್ದಾಳೆ ಎಂದು ಕಳಿಸಿದರು. ಓಣಿಯ ಯಾರೋ ಒಬ್ಬರು ಅವಳು ವಿಮಾನ ನಗರದ ಯಾವುದೋ ಆಫೀಸಿಗೆ ಸ್ಕೂಟರಿನಲ್ಲಿ ಹೋಗುತ್ತಾಳಂತೆ ಎಂದದ್ದೇ ತಿಪ್ಪವ್ವ ಗಾಡಿಯನ್ನು ಇಲ್ಲಿಗೆ ತಂದಿದ್ದಳು. ಸಾವಿರಾರು ಸುತ್ತಿದ ಮುಖಗಳ ನಡುವೆ ಅವಳಿಗಿದ್ದದ್ದು ಆ ಗಂಟಿನ ಗುರುತು ಒಂದೇ. ನಾನು ಅದನ್ನು ಊರಿಗೆಲ್ಲ ಹಂಚಿದ್ದೆ.

ಮೈಯೆಲ್ಲ ಉರಿದುಹೋಯಿತು, ನನ್ನ ಮೇಲೆಯೇ. "ಮೊದಲ ಹೇಳಬಾರದಾಗಿತ್ತೇನ ತಿಪ್ಪವ್ವಾ?" ಎಂದು ಅವಳ ಮೇಲೆ ಹರಿಹಾಯ್ದೆ. ತಪ್ಪು ಮಾಡಿದವರು ದನಿ ಏರಿಸುವುದನ್ನು ಬೇರೆಯವರಲ್ಲಿ ಕಂಡು ಆಡಿಕೊಂಡವಳು ನಾನು. ಅವಳು ಮೆಲ್ಲಗೆ, "ಮಗಳು ಬಿಟ್ಟು ಹೋಗ್ಯಾಳ ಅಂತ ಹ್ಯಾಂಗ ಹೇಳಲ್ರಿ" ಎಂದಳು.

ಆಮೇಲೆ ನನ್ನಿಂದ ಆದದ್ದೆಲ್ಲ ಮಾಡಿದೆ. ಸುತ್ತಲಿನ ಆಫೀಸುಗಳ ಬಾಗಿಲಿಗೆ ಹೋಗಿ ಭುವನೇಶ್ವರಿ ಎಂಬುವಳು ಇದ್ದಾಳೆಯೇ ಎಂದು ಕೇಳಿದೆ. ಹೆಸರು ಬದಲಿಸಿಕೊಂಡಿದ್ದರೆ? ಫೋಟೋ ತೋರಿಸಿ ಎಂದರು. ತಿಪ್ಪವ್ವನ ಫೋನಿನಲ್ಲಿದ್ದವು ಏಳು ಫೋಟೋ. ಏಳರಲ್ಲೂ ಹುಡುಗಿ ಸ್ಕಾರ್ಫ್ ಸುತ್ತಿಕೊಂಡೇ ನಿಂತಿದ್ದಳು. ಒಬ್ಬ ಕಾವಲುಗಾರ ನಕ್ಕೇಬಿಟ್ಟ, ಅವನನ್ನು ಏನು ಅನ್ನಲಿ? ಪೂರ್ವಾಳಿಗೆ ಹೇಳಿ ಆ ವಿಡಿಯೋ ಅಳಿಸಿಹಾಕಿಸಿದೆ. ಕಲಿತ ಕೈಗಳಿಗೆ ಅದನ್ನು ಹೇಗೆ ಮರೆಸುವುದು? "ಅದನ್ನ ಕಟ್ಟಬ್ಯಾಡ್ರಿ" ಎಂದು ಎಷ್ಟು ಜನರನ್ನು ಬೇಡಿಕೊಳ್ಳುವುದು? ಕಾರಣ ಕೇಳಿದರೆ ಹೇಳುವಂತಿಲ್ಲ, ಅದು ನನ್ನ ಮನೆಯ ಮಾತಲ್ಲ.

ತಿಪ್ಪವ್ವ ಏಳುವುದನ್ನು ಬಿಟ್ಟಳು. ಒಂದೇ ದಿನಕ್ಕಲ್ಲ. ಮೊದಲು ನಾಲ್ಕು ಕೆಂಪಿಗೊಮ್ಮೆ, ಆಮೇಲೆ ಹತ್ತಕ್ಕೊಮ್ಮೆ. ಜೂನ್ ಮುಗಿಯುವಷ್ಟರಲ್ಲಿ ಸ್ಟೂಲಿನ ಮೇಲೆ ಕೂತು ತಲೆ ಬಗ್ಗಿಸಿ ಬಟ್ಟೆ ಮಡಚುತ್ತಿದ್ದಳು. "ಎಲ್ಲಾರೂ ಅಕಿನೇ ಕಾಣ್ತಾರ್ರಿ ಅಕ್ಕಾರ. ಎದಿ ಒಡ್ಕೊಂಡು ಒಡ್ಕೊಂಡು ಸಾಕಾತು" ಎಂದಳು.

ಮೊನ್ನೆ ಸಂಜೆ ಆಫೀಸು ಬಿಟ್ಟು ಅವಳ ಗಾಡಿಯ ಪಕ್ಕದ ಕಟ್ಟೆಯ ಮೇಲೆ ಕೂತಿದ್ದೆ. ಸಿಗ್ನಲ್ ಕೆಂಪಾಯಿತು. ಸಾಲಿನ ಕೊನೆಯಲ್ಲಿ ಒಂದು ನೀಲಿ ಸ್ಕೂಟರ್, ಹಳೆಯ ಮಾಸಿದ ಸ್ಕಾರ್ಫು, ಎಡಗಿವಿಯ ಕೆಳಗೆ ಗಂಟು. ಅಂಥವು ಅಲ್ಲಿ ಇನ್ನೂ ನಾಲ್ಕಿದ್ದವು. ಆದರೆ ಉಳಿದವರೆಲ್ಲ ದೀಪ ನೋಡುತ್ತಿದ್ದರು. ಇವಳು ಗಾಡಿಯನ್ನು ನೋಡುತ್ತಿದ್ದಳು, ಗಾಡಿಯ ಹಿಂದೆ ಬಗ್ಗಿದ ತಲೆಯನ್ನು. ನೋಡುತ್ತ ನೋಡುತ್ತ ಎಡಗೈ ಎತ್ತಿ ಆ ಗಂಟನ್ನು ಒತ್ತಿ ಹಿಡಿದುಕೊಂಡಳು. ನಾನು ಕೂಗಿದೆ.

"ತಿಪ್ಪವ್ವಾ!"

ಅವಳು ಕೈಯಲ್ಲಿದ್ದ ಮಡಿಕೆ ಕೆಡದಂತೆ ರಾಶಿಯ ಮೇಲಿಟ್ಟು ತಲೆ ಎತ್ತುವಷ್ಟರಲ್ಲಿ ಹಸಿರು ಬಿತ್ತು. ನಾನು ರಸ್ತೆಗೆ ಓಡಿದೆ. ಒಂದು ಬಸ್ಸು ಅಡ್ಡ ಬಂತು, ಅದರ ಹಿಂದೆ ಇನ್ನೊಂದು. ಬಸ್ಸುಗಳು ದಾಟಿದ ಮೇಲೆ ಮುಂದೆ ಹೋಗುತ್ತಿದ್ದ ಸ್ಕೂಟರುಗಳಲ್ಲಿ ನೀಲಿಯವೇ ಮೂರಿದ್ದವು.

ತಿರುಗಿ ಬಂದು ಕಟ್ಟೆಯ ಮೇಲೆ ಕೂತೆ. "ಯಾರ್ರೀ ಅಕ್ಕಾರ?" ಎಂದಳು.

ಏನು ಹೇಳಲಿ? ಅವಳೇ ಎಂದು ನನಗೇನು ಗೊತ್ತು? "ಯಾರೂ ಅಲ್ಲ" ಎಂದೆ.

ತಿಪ್ಪವ್ವ ನನ್ನ ಮುಖವನ್ನೇ ನೋಡಿದಳು. ಆಮೇಲೆ ಇನ್ನೊಂದು ಸ್ಕಾರ್ಫ್ ಎತ್ತಿ ಕೊಡವಿ ಮಡಚತೊಡಗಿದಳು. ಸಿಗ್ನಲ್ ಮತ್ತೆ ಕೆಂಪಾಯಿತು. ಅವಳು ಏಳಲಿಲ್ಲ. ನಾನು ಎದ್ದು ನಿಂತೆ.