ದೋಸೆ ಹಂಚಿನ ಮೇಲಿನ ಪ್ಲಗ್ಗುಗಳು

ನಮ್ಮ ಮನೆಯ ದೋಸೆಗೆ ಪೆಟ್ರೋಲಿನ ವಾಸನೆ ಹತ್ತಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಆಗ ನಾವು ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿದ್ದೆವು. ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಮಾವನವರ ಕಾಲದ ವಿಲಾಯತಿ ಕಾರು ನಿಂತಿತ್ತು. ಮಾವನವರು ತೀರಿಕೊಂಡು ಪಾಲಾದಾಗ ಕಾಗದದಲ್ಲಿ ಅದು ಹರಿಹರದ ಭಾವನವರಿಗೆ ಹೋಯಿತು. ಒರೆಸುವ ಕೆಲಸ ನಮ್ಮ ಮನೆಯವರಿಗೆ ಉಳಿಯಿತು.

ಒಂದು ದಿನ ಭಾವನವರು ಬಂದು, ಚಹಾ ಕುಡಿಯುತ್ತ ಹೇಳಿದರು: "ತಮ್ಮಾ, ನಿಂತ ಗಾಡಿ ಗುಜರಿಗೆ ಸಮ. ಹರಿಹರದ ತನಕ ನಡೆಸ್ಕಂಡು ಬಾ. ನಡೀತಂದ್ರೆ ನೀನೇ ಇಟ್ಕ. ಇಲ್ಲಾಂದ್ರೆ ತೂಕಕ್ಕೆ ಹಾಕಿಬಿಡಾಣ."

ಇವರಿಗೆ ಅಷ್ಟು ಸಾಕಾಯಿತು. ಹರಿಹರಕ್ಕೆ ಮೊದಲು ಓಡಿಸಿ ನೋಡೋಣವೆಂದು ಮರುದಿನವೇ ಕೊಂಡಜ್ಜಿ ಕಡೆಗೆ ಹೊರಟರು. ದಾರಿಯಲ್ಲೇ ಎಂಜಿನ್ ಕಾದು, ಕೆಮ್ಮಿ, ನಿಂತುಬಿಟ್ಟಿತು. ಬಿಚ್ಚಿ ನೋಡಿದರೆ ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗುಗಳ ತುದಿಯೆಲ್ಲ ಎಣ್ಣೆಮಸಿ.

"ಉಷ್ಣ ಆಗೈತೆ ಇದಕ್ಕೆ," ಎಂದರು ಇವರು. ನಮ್ಮ ಮನೆಯಲ್ಲಿ ಕಣ್ಣು ಉರಿದರೂ ಬಾಯಿ ಹುಣ್ಣಾದರೂ ಮಜ್ಜಿಗೆಯೇ ಔಷಧ. ಕಾರಿಗೂ ಅದೇ ವೈದ್ಯ ನಡೆಯಿತು. ಪ್ಲಗ್ಗಿನಲ್ಲಿ ಎರಡು ಜಾತಿಯಂತೆ. ಕಾವನ್ನು ಬೇಗ ಬಿಟ್ಟುಕೊಡುವುದು ತಂಪಿನದು, ತುದಿಯಲ್ಲಿ ಹಿಡಿದಿಟ್ಟುಕೊಳ್ಳುವುದು ಬಿಸಿಯದು. ಇವರು ತಂಪಿನದನ್ನೇ ಹುಡುಕಿ ತಂದರು. ಮಸಿ ಇನ್ನೂ ಬೇಗ ಕಟ್ಟತೊಡಗಿತು. ದಿನಾ ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ, ಪೆಟ್ರೋಲಿನಲ್ಲಿ ತೊಳೆದು, ಬಿಸಿಲಲ್ಲಿ ಆರಿಸಿ, ಆಮೇಲೆ ಪೂರಾ ಒಣಗಲೆಂದು ನನ್ನ ಕಾದ ದೋಸೆ ಹಂಚಿನ ಮೇಲೆ ಸಾಲಾಗಿ ಇಡುತ್ತಿದ್ದರು.

"ರೀ, ಅದು ಊಟದ ಸಾಮಾನು."

"ತೊಳ್ಕೊಡ್ತೀನಿ ಬಿಡೆ."

ಎಂದೂ ತೊಳೆದುಕೊಡಲಿಲ್ಲ.

ಆದರೆ ಆ ಹಂಚೇ ದಾರಿ ತೋರಿಸಿತು. ಕಾದ ಪ್ಲಗ್ಗನ್ನು ಬಟ್ಟೆಯಲ್ಲಿ ಹಿಡಿದು ಬಿಸಿಬಿಸಿಯಾಗಿ ಹಾಕಿದ ದಿನ ಎಂಜಿನ್ ಚೆನ್ನಾಗಿ ಓಡುತ್ತದೆ, ತಣ್ಣಗಾದ ಮೇಲೆ ಹಾಕಿದ ದಿನ ಗೊಣಗುತ್ತದೆ ಎಂಬುದು ಇವರ ಗಮನಕ್ಕೆ ಬಂತು. ಅಡುಗೆಮನೆ ಹೊಸ್ತಿಲಲ್ಲಿ ಕೂತು ಹೇಳಿದರು: "ನೋಡಿಲ್ಲಿ, ಮುದಿ ಎಂಜಿನ್ನು ಎಣ್ಣೆ ಕುಡಿತೈತೆ. ತುದಿ ಕಾದಿದ್ರೇನೇ ಅದು ಸುಟ್ಟು ಹೋಗೋದು. ಇದಕ್ಕೆ ತಂಪು ಬ್ಯಾಡ." ದಾರಿಯಲ್ಲಿ ಕಾದಿದ್ದಕ್ಕೆ ಕಾರಣ ರೇಡಿಯೇಟರಿನಲ್ಲಿ ತುಂಬಿದ್ದ ಕೆಸರು, ಅಷ್ಟೆ; ಅದನ್ನೂ ತೊಳೆದು ತೆಗೆದರು.

ಬಿಸಿಯ ಪ್ಲಗ್ ಆರಿಸಲು ನನ್ನನ್ನೂ ಅಂಗಡಿಗೆ ಕರೆದೊಯ್ದರು. ಪ್ಲಗ್ಗಿನ ತಿರುಪಿನ ಭಾಗ ತುಸು ಉದ್ದವಾದರೆ ಒಳಗಿನ ಪಿಸ್ಟನ್ನಿಗೆ ಬಡಿಯುತ್ತದೆಂದು ಹಳೆಯದನ್ನು ಪಕ್ಕದಲ್ಲಿಟ್ಟು ಒಂದೊಂದನ್ನೇ ಅಳೆದರು. ಅಂಗಡಿಯವನಿಗೆ ಬೇಜಾರಾಯಿತು.

"ಹೆಣ್ಣು ನೋಡಾಕೆ ಬಂದಂಗೆ ನೋಡ್ತೀರಲ್ರಿ ಸಾಹೇಬ್ರ. ಜಾತಕಾನೂ ತರಿಸ್ಲೇನು?"

"ಜಾತಕ ಬ್ಯಾಡ, ಎತ್ತರ ಹೊಂದಿದ್ರೆ ಸಾಕು," ಎಂದು ನಕ್ಕರು. ಎರಡು ಸೆಟ್ಟು ತಂದೆವು, ಒಂದು ಕಾರಿಗೆ, ಇನ್ನೊಂದು ಮುಂದಿನ ವರ್ಷಗಳಿಗೆ.

ಹರಿಹರಕ್ಕೆ ಹೊರಟ ದಿನ ಕಾರು ಒಂದು ಸಲವೂ ಕೆಮ್ಮಲಿಲ್ಲ. ಮಾತೇ ಕಡಿಮೆಯ ಇವರು ಎದುರು ಬಂದ ಚಕ್ಕಡಿಗಳಿಗೂ ಹಾರನ್ ಹೊಡೆದು ಕೈಯೆತ್ತಿದರು. ಭಾವನವರ ಮನೆ ಮುಂದೆ ನಿಲ್ಲಿಸಿದಾಗ ಕಟ್ಟೆಯ ಮೇಲೆ ಅಪರಿಚಿತರೊಬ್ಬರು ಕೂತಿದ್ದರು. ಅವರ ಮುಂದೆ ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ.

"ನಾ ಹೇಳ್ಲಿಲ್ಲೇನ್ರಿ? ನಮ್ಮ ತಮ್ಮ ಕೈ ಹಾಕಿದ್ರೆ ಗಾಡಿ ನಡೀಲೇಬೇಕು," ಎಂದು ಭಾವನವರು ಆ ಅಪರಿಚಿತರಿಗೆ ಹೇಳಿದರು.

ಇವರು ಸ್ಟೇರಿಂಗ್ ಬಿಡದೆ ಕೇಳಿದರು: "ಅಣ್ಣಾ, ನಡೆದ್ರೆ ನಂಗೇ ಅಂದಿದ್ದೆ."

"ಅಂದಿದ್ದೆ, ಇಲ್ಲ ಅನ್ನಲ್ಲ. ಹಂಗನ್ನದಿದ್ರೆ ನೀ ಇಷ್ಟು ಮೈ ಮುರೀತಿದ್ದೇನು? ಈಗ ಇವರಿಗೆ ಮಾರ್ತೀನಂತ ಎಲೆ ಅಡಿಕೆ ಕೊಟ್ಟಾಗೈತೆ, ಮಾತು ತಿರುಗ್ಸಾಕೆ ಬರಲ್ಲ. ಬರ್ರಿ, ಒಳಗೆ ಕೂಡ್ರಿ."

ತಮ್ಮನಿಗೆ ಮಾತು ಕೊಟ್ಟಾಗ ತಟ್ಟೆ ಇಟ್ಟಿರಲಿಲ್ಲವಲ್ಲ.

ಅಪರಿಚಿತರು ಬಾನೆಟ್ ಎತ್ತಿ, "ಪ್ಲಗ್ ಯಾವ್ದು ಹಾಕೀರಿ?" ಎಂದು ಕೇಳಿದರು. ಇವರು ಸಿಟ್ಟಾಗುತ್ತಾರೆಂದು ಕಾದೆ. ಆಗಲಿಲ್ಲ. ಬಿಸಿಯದೇ ಯಾಕೆ, ಎಷ್ಟು ಉದ್ದ, ಎಲ್ಲಿ ಸಿಗುತ್ತದೆ, ಎಲ್ಲವನ್ನೂ ನಿಧಾನವಾಗಿ ಹೇಳಿ, ಎತ್ತಿಟ್ಟಿದ್ದ ಎರಡನೆಯ ಸೆಟ್ಟನ್ನೂ ಅವರ ಕೈಗಿಟ್ಟರು. ನಾವು ಬಸ್ಸಿನಲ್ಲಿ ವಾಪಸು ಬಂದೆವು.

ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ್ದಕ್ಕೆ ಹಂಚಿನ ವಾಸನೆ ಕೆಲವೇ ದಿನಗಳಲ್ಲಿ ಹೋಯಿತು. ಮುಂದೆ ಭಾವನವರು ಬಂದಾಗ ಎಂದಿನಂತೆ, "ಎರಡು ದೋಸೆ ಹುಯ್ಯವ್ವ," ಎಂದರು.

"ಹಂಚು ಇನ್ನೂ ಪೆಟ್ರೋಲ್ ನಾತ ಹೊಡಿತೈತ್ರಿ ಭಾವ," ಎಂದು ಉಪ್ಪಿಟ್ಟು ಕೊಟ್ಟೆ. ಬೆಳಿಗ್ಗೆಯಷ್ಟೇ ಅದೇ ಹಂಚಿನ ದೋಸೆ ತಿಂದಿದ್ದ ನಮ್ಮ ಮನೆಯವರೂ ಒಂದು ತಟ್ಟೆ ಉಪ್ಪಿಟ್ಟು ಹಾಕಿಸಿಕೊಂಡರು.