ಬೆಂಕಿ ಕಾಯುವ ಅಟ್ಟಣೆಗೆ ಹೋಟೆಲಿನ ಎಣ್ಣೆ

ನಾಸಿಕದಿಂದ ತ್ರ್ಯಂಬಕಕ್ಕೆ ಹೋಗುವ ದಾರಿಯಲ್ಲಿ ಒಂದು ಗುಡ್ಡ. ಅದರ ನೆತ್ತಿಯಲ್ಲಿ ಕಾಡಿನ ಬೆಂಕಿ ಕಾಯಲು ಮರದ ಅಟ್ಟಣೆ. ಅದನ್ನು ಕೆಡವುತ್ತೇನೆ ಎಂದು ಅರಣ್ಯ ಇಲಾಖೆಯ ಸಾಹೇಬ ಹೇಳಿದ ದಿನ ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಮದುವೆಯಾಗಿ ಬೀದರಿನಿಂದ ನಾಸಿಕಕ್ಕೆ ಬಂದವಳು. ನನ್ನ ಯಜಮಾನರು ಗುಮಾಸ್ತರು. ಉಡುಪಿ ಕಡೆಯ ಹೋಟೆಲ್ ಮಾಲೀಕರೊಬ್ಬರು ಭಾನುವಾರ ಗಲ್ಲಾ ತಮ್ಮನಿಗೆ ಒಪ್ಪಿಸಿ, ಇಡ್ಲಿ ಕಟ್ಟಿಸಿಕೊಂಡು, ನಮ್ಮಿಬ್ಬರನ್ನೂ ಸೇರಿಸಿ ನಾಲ್ಕಾರು ಕನ್ನಡದ ಮಂದಿಯನ್ನು ಆ ಗುಡ್ಡ ಹತ್ತಿಸುತ್ತಿದ್ದರು. "ಹೆಣ್ಣಮಗಳಿಗೆ ಗುಡ್ಡ ಯಾಕ ಬೇಕ?" ಎಂದು ಅತ್ತೆ ಗೊಣಗುತ್ತಿದ್ದರು. ಅವರು ಗೊಣಗುತ್ತಿದ್ದರು, ನಾನು ಹೋಗುತ್ತಿದ್ದೆ.

ಅಟ್ಟಣೆಯ ಕಾವಲುಗಾರ ಗುಡ್ಡದ ಬುಡದ ಹಳ್ಳಿಯವನು. ಹಿಂದಿನ ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಬಿದ್ದಾಗ ಅವನು ಮೇಲಿನಿಂದ ಕಂಡು ಕೂಗಿದ್ದಕ್ಕೇ ಹಳ್ಳಿ ಉಳಿದದ್ದು. ಮಳೆಗಾಲದಲ್ಲಿ ಏಣಿಯ ಕೊಳೆತ ಮೆಟ್ಟಿಲು ಮುರಿದು ಅವನು ಬಿದ್ದ, ಸೊಂಟ ಹೋಯಿತು. ಸಾಹೇಬನ ಲೆಕ್ಕದಲ್ಲಿ ಅಟ್ಟಣೆಯೇ ಇಲ್ಲದಿದ್ದರೆ ಬೀಳುವವರೂ ಇಲ್ಲ. ನೆಗಡಿ ಬಂತೆಂದು ಮೂಗು ಕೊಯ್ಯುವ ಬುದ್ಧಿ! ಬರುವ ಬೇಸಿಗೆಗೆ ಹಳ್ಳಿ ಸುಟ್ಟುಹೋದರೆ ಅದು ಅವನ ತಲೆನೋವಲ್ಲ.

"ನಾವು ರಿಪೇರಿ ಮಾಡ್ತೀವ್ರಿ" ಎಂದುಬಿಟ್ಟೆ. ಸಾಹೇಬ ನಕ್ಕ. "ಕರಾ, ಕರಾ", ಮಾಡಿ ಮಾಡಿ, ಎಂದ. ದೀಪಾವಳಿ ಮುಗಿದ ಮೇಲೆ ನೋಡಲು ಬರುತ್ತೇನೆ, ಒಂದು ಹುಳುಕು ಕಂಡರೂ ಕೆಡವಿಸುತ್ತೇನೆ ಎಂದು ಮರಾಠಿಯಲ್ಲಿ ಹೇಳಿದ.

"ಆಕಿ ಬಾಯಿ ಬಿಟ್ಟಾಳ, ಇನ್ನ ನಾವು ಗರಗಸ ಹಿಡೀಬೇಕ್ ನೋಡ್ರಿ" ಎಂದರು ನನ್ನ ಯಜಮಾನರು.

ಹಿಡಿದೆವು. ಮೆಟ್ಟಿಲು ಬದಲಿಸಿದೆವು. ಏಣಿಯ ಎರಡೂ ಬದಿಗೆ ಕಬ್ಬಿಣದ ಪೈಪಿನ ಹಿಡಿಕೆ ಕೂರಿಸಿದೆವು, ಮೇಲೆ ಸೊಂಟದೆತ್ತರದ ಕಟಕಟೆ, ಸಿಡಿಲಿಗೆಂದು ತಾಮ್ರದ ತಂತಿ. ಪೈಪು ಹೊತ್ತು ನನ್ನ ಹೆಗಲ ಸಿಪ್ಪೆ ಸುಲಿದಿತ್ತು.

ಸಾಹೇಬ ಬರುವ ಹಿಂದಿನ ವಾರ ಹೋಟೆಲಿನವರು ವಡೆ ಕರಿದುಳಿದ ಎಣ್ಣೆಯ ಡಬ್ಬಿ ತಂದು, ಯಾರಿಗೂ ಹೇಳದೆ ಮೆಟ್ಟಿಲುಗಳಿಗೆಲ್ಲ ಪ್ರೀತಿಯಿಂದ ಹಚ್ಚಿದರು. ನಾನು ಹತ್ತಿದೆ. ಅರ್ಧ ಏರುವಷ್ಟರಲ್ಲಿ ಎರಡೂ ಕಾಲು ಜಾರಿ ಹಿಡಿಕೆಯಲ್ಲಿ ನೇತಾಡಿದೆ. ಅಯ್ಯೋ ಶಿವನೇ! ಆ ಪೈಪು ಇಲ್ಲದಿದ್ದರೆ ಈ ಮಾತು ಹೇಳಲು ನಾನಿರುತ್ತಿರಲಿಲ್ಲ.

"ಏನ್ರೀ, ಸಾಹೇಬಗ ಸೀದಾ ಕೈಲಾಸ ತೋರಸಾವ್ರಿದ್ರೇನ್ರಿ?" ಎಂದು ಕೆಳಗಿಳಿದು ಕೂಗಾಡಿದೆ.

"ಎಂಥದು ಮಾಡುದು ಮಾರಾಯ್ರೆ, ನಮ್ಮ ಊರಲ್ಲಿ ಮರಕ್ಕೆ ಎಣ್ಣೆ ಕೊಡದಿದ್ರೆ ಗೆದ್ದಲು ಹಿಡೀತದೆ" ಎಂದು ಅವರು ತಲೆ ಕೆರೆದುಕೊಂಡರು. ಬೂದಿ ಹಾಕಿ ತಿಕ್ಕಿದೆವು, ಪ್ರತಿ ಮೆಟ್ಟಿಲಿಗೂ ನಾರಿನ ಹಗ್ಗ ಬಿಗಿದು ಸುತ್ತಿದೆವು. ಈಗ ಬರಿಗಾಲು ಗಟ್ಟಿಯಾಗಿ ನಿಲ್ಲುತ್ತಿತ್ತು.

ಸಾಹೇಬ ಆಳುಗಳೊಂದಿಗೆ ಬಂದ. ಹಿಡಿಕೆ ಅಲುಗಾಡಿಸಿದ, ಮೆಟ್ಟಿಲು ಒದ್ದ. ಹುಳುಕು ಸಿಗಲಿಲ್ಲ. ಆಮೇಲೆ ಹೆಂಡತಿಯ ಜೊತೆ ಕೋಲೂರಿ ನಿಂತಿದ್ದ ಕಾವಲುಗಾರನಿಗೆ ಹತ್ತು ಎಂದ. ಅವನು ಒಂದು ಕಾಲಿಟ್ಟ, ತೆಗೆದುಬಿಟ್ಟ. ತನ್ನಿಂದಾಗದು ಎಂದು ತಲೆತಗ್ಗಿಸಿದ.

"ಕೂರುವವನೇ ಇಲ್ಲ, ಅಟ್ಟಣೆ ಯಾರಿಗೆ?" ಎಂದು ಸಾಹೇಬ ಆಳುಗಳ ಕಡೆ ತಿರುಗಿದ. ನನ್ನ ಮೈ ಉರಿದುಹೋಯಿತು. ಜಗಳಕ್ಕೆ ಬಾಯಿ ತೆರೆಯುವಷ್ಟರಲ್ಲಿ ಕಾವಲುಗಾರನ ಹೆಂಡತಿ ನನ್ನನ್ನು ಸರಿಸಿ ಮುಂದೆ ಹೋದಳು. ಕಚ್ಚೆ ಬಿಗಿದುಕೊಂಡಳು, ಹಿಡಿಕೆ ಹಿಡಿದಳು, ಹತ್ತಿದಳು.

"ಏ ಬಾಯೀ, ಖಾಲೀ ಉತರ್!" ಇಳಿ ಕೆಳಗೆ ಎಂದು ಸಾಹೇಬ ಅರಚಿದ. ಅವಳು ತಿರುಗಿಯೂ ನೋಡಲಿಲ್ಲ. ಮೇಲೆ ತಲುಪಿ, ಕಟಕಟೆ ಹಿಡಿದು ಬಗ್ಗಿದಳು.

"ಸಾಹೇಬ, ಇನ್ನು ಇಲ್ಲಿ ಕೂರುವವಳು ನಾನು. ಈಗ ಕೆಡವಿ, ನೋಡೋಣ" ಎಂದು ತನ್ನ ಮರಾಠಿಯಲ್ಲಿ ಹೇಳಿದಳು.

ಆಳುಗಳು ಸಾಹೇಬನ ಮುಖ ನೋಡಿದರು. ನಾನು ಹೋಗಿ ಏಣಿಯ ಬುಡದಲ್ಲಿ, ಅವನ ದಾರಿಗೆ ಅಡ್ಡವಾಗಿ, ಕಾಲು ಚಾಚಿ ಕೂತುಬಿಟ್ಟೆ.