ಮುರುಗೇಶಪ್ಪನ ಬಸ್ಸಿಗೇ ಕಾಯುವ ಚುಕ್ಕಿಗಳು

ಮುರುಗೇಶಪ್ಪನ ಬಗ್ಗೆ ಬರೆಯಲು ಕೂತರೆ ಹೊಟ್ಟೆ ಉರಿಯುತ್ತದೆ. ಉರಿದರೂ ಸುಳ್ಳು ಬರೆಯುವುದಿಲ್ಲ. ಹೊಸದುರ್ಗದಿಂದ ರಾಮಗಿರಿ, ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಹೋಗುವ ಏಕಾಂತಪ್ಪನವರ ಎರಡು ಬಸ್ಸುಗಳಲ್ಲಿ ಒಂದಕ್ಕೆ ಅವನು ಡ್ರೈವರ್, ಇನ್ನೊಂದಕ್ಕೆ ನಾನು.

ಆಳು ನೋಡಿದರೆ ಏನೂ ಇಲ್ಲ. ಕುಳ್ಳ, ಬೋಳುತಲೆ, ಬಾಯಿ ತುಂಬ ಎಲೆಅಡಿಕೆ. ಹೊಲದ ಬದುವಿನಿಂದ ಯಾರೋ ಟವೆಲ್ ಬೀಸಿದರೂ ಸಾಕು, ಬ್ರೇಕ್ ಒತ್ತುತ್ತಾನೆ. "ನಿಧಾನಕ್ಕೆ ಬಾರವ್ವ, ಬಸ್ಸೇನು ಓಡೋಗಲ್ಲ" ಅನ್ನುತ್ತಾನೆ. ಕುರಿಮರಿಗೆ ಅವನ ಸೀಟಿನ ಹಿಂದೆ ಜಾಗ, ಸೊಪ್ಪಿನ ಪುಟ್ಟಿಗೆ ಪಕ್ಕದ ಬಾನೆಟ್ ಮೇಲೆ ಜಾಗ. ನನ್ನ ಹತ್ತಿರ ಅದೆಲ್ಲ ನಡೆಯುವುದಿಲ್ಲ. ಸ್ಟಾಪಿನಲ್ಲಿ ನಿಂತವರು ಹತ್ತಬೇಕು, ತಡ ಮಾಡಿದರೆ ಬೈಗುಳ. ಚಿತ್ರದುರ್ಗಕ್ಕೆ ಯಾವತ್ತೂ ನಾನೇ ಬೇಗ ಮುಟ್ಟುವುದು.

ಏಕಾಂತಪ್ಪನವರು ಹೊಸ ಬಸ್ಸು ತಂದರು. ನಮ್ಮಿಬ್ಬರಲ್ಲಿ ಯಾರಿಗೆ? ಬಸ್ಸು, ಪ್ರಯಾಣಿಕರ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಕಾಲೇಜಿನ ಮೌನಿಕಾ ಮೇಡಂ ವಾರಗಟ್ಟಲೆ ಸ್ಟಾಪುಗಳಲ್ಲಿ ನಿಂತು ಜನರನ್ನು ವಿಚಾರಿಸಿದ್ದರು. "ಇಬ್ಬರ ಓಡಾಟಾನೂ ಕಂಪ್ಯೂಟರಲ್ಲಿ ಹಾಕಿ ನೋಡೋಣ" ಎಂದರು.

ಆಫೀಸಿನಲ್ಲಿ ನಮ್ಮಿಬ್ಬರಿಗೂ ಏಕಾಂತಪ್ಪನವರಿಗೂ ಪರದೆ ತೋರಿಸಿದರು. ನಮ್ಮದೇ ದಾರಿ. ಜನರ ಬದಲು ಚುಕ್ಕಿಗಳು, ಸ್ಟಾಪಿನಲ್ಲಿ ಅವರವರು ಹೇಳಿದ್ದನ್ನೇ ತುಂಬಿ ಮಾಡಿದ್ದು. ಒಂದೊಂದಕ್ಕೂ ಅದರದೇ ಬುದ್ಧಿಯಂತೆ: ಒಂದಕ್ಕೆ ಅವಸರ, ಒಂದಕ್ಕೆ ಮಂಡಿನೋವು, ಒಂದರ ತಲೆ ಮೇಲೆ ಪುಟ್ಟಿ. ಯಾವ ಬಸ್ಸು ಹತ್ತಬೇಕೆಂದು ಅವೇ ತೀರ್ಮಾನಿಸುತ್ತವೆ, ಯಾರೂ ತಳ್ಳುವುದಿಲ್ಲ.

ನನ್ನ ಕೆಂಪು ಬಸ್ಸು ಮುಂದೆ ನುಗ್ಗಿತು. ಗೆದ್ದೆ ಎಂದುಕೊಂಡೆ. ಆದರೆ ಚುಕ್ಕಿಗಳು ಕದಲಲಿಲ್ಲ. ಹಿಂದೆ ಬಂದ ಅವನ ಹಳದಿ ಬಸ್ಸಿಗೆ ಇರುವೆಯಂತೆ ಮುತ್ತಿದವು.

"ಚುಕ್ಕಿಗೇನು ಗೊತ್ತಾಗ್ತೈತೆ ಮೇಡಂ? ನನ್ ಬಸ್ಸು ಮುಂದಿಲ್ವಾ?" ಕೂಗಿದೆ.

"ಚಿತ್ತಯ್ಯ, ಮೆತ್ತಗೆ ಮಾತಾಡಪ್ಪ" ಎಂದರು ಏಕಾಂತಪ್ಪನವರು.

ಮೇಡಂ ರಾಮಗಿರಿಯ ಒಂದು ಚುಕ್ಕಿ ತೋರಿಸಿದರು. "ಇವರು ದುರ್ಗಕ್ಕೆ ಸೊಪ್ಪು ಮಾರಕ್ಕೆ ಹೋಗೋರು. 'ಮುಂದಿನ ಬಸ್ಸಿನ ಡ್ರೈವರ್ ಬೈತಾನೆ, ಹಿಂದಿಂದಕ್ಕೆ ಬರ್ತೀನಿ' ಅಂದ್ರು. ಕೆಂಚಕ್ಕ ಅಂತ."

ಮುರುಗೇಶಪ್ಪ ಕಿಟಕಿ ಕಡೆ ಮುಖ ತಿರುಗಿಸಿದ. ಕೆಂಚಕ್ಕ ನನ್ನ ಹೆಂಡತಿ.

ಮನೆಗೆ ಹೋಗಿ ಗುಡುಗಿದೆ. "ಗಂಡನ ಬಸ್ಸು ಬಿಟ್ಟು ಅವನದ್ಯಾಕೆ ಹತ್ತಿದೆ ಲೇ?"

ಅವಳು ಸೊಪ್ಪಿನ ಕಂತೆ ಕಟ್ಟುತ್ತಲೇ ಇದ್ದಳು. "ಮನೇಲಿ ಬೈಸ್ಕಳಾದು ಸಾಲ್ದಾ? ಬಸ್ಸಲ್ಲೂ ಬೈಸ್ಕಬೇಕಾ? ನಿನ್ ಬಸ್ಸಲ್ಲಿ ಪುಟ್ಟೀನ ತೊಡೆ ಮ್ಯಾಲೆ ಇಟ್ಕಬೇಕು."

ಹೊಸ ಬಸ್ಸು ಅವನಿಗೇ ಹೋಯಿತು. ಪೂಜೆಯ ದಿನ ಮುರುಗೇಶಪ್ಪ ನನ್ನ ಕೈಗೆ ತೆಂಗಿನಕಾಯಿ ಕೊಟ್ಟು, "ನೀನೇ ಒಡಿಯಪ್ಪ ಚಿತ್ತಯ್ಯ" ಎಂದ. ಒಡೆದೆ. ಚೂರು ಚೂರಾಯಿತು.

ಈಗ ಹೊರಡುವ ಟೈಮೂ ಬದಲಾಗಿದೆ: ಅವನ ಬಸ್ಸು ಮುಂದೆ, ನನ್ನದು ಹಿಂದೆ. ರಾಮಗಿರಿಗೆ ನಾನು ಬರುವಷ್ಟರಲ್ಲಿ ಸ್ಟಾಪು ಖಾಲಿ. ಹೊಳಲ್ಕೆರೆ ದಾರಿಯಲ್ಲಿ ಅವನನ್ನು ಹಿಡಿಯುತ್ತೇನೆ, ಹಾರನ್ ಒತ್ತುತ್ತೇನೆ. ಪಕ್ಕಕ್ಕೆ ನುಗ್ಗಿ ಇಣುಕಿದರೆ ಅವನ ಬಾನೆಟ್ ಮೇಲೆ ನಮ್ಮನೆ ಪುಟ್ಟಿ ಕಾಣುತ್ತದೆ. ಅವನು ರೇಗುವುದಿಲ್ಲ. ನಗುತ್ತ ಪಕ್ಕಕ್ಕೆ ಸರಿದು, ಕೈ ಬೀಸಿ ದಾರಿ ಬಿಡುತ್ತಾನೆ.

ಅದನ್ನೇ ನನಗೆ ಸಹಿಸಲಾಗುವುದಿಲ್ಲ.